ಕೆಂಪು ಸಾಲುಗಳು

ಫೆಬ್ರವರಿ ೧೧, ಮಂಗಳವಾರ

ಮೂಕಪ್ಪ ಬದುಕುಳಿದರಂತೆ. ಇವತ್ತಿಗೆ ಅಷ್ಟು ಸಾಕು ಅಂದುಕೊಂಡು ಮಲಗಬೇಕಿತ್ತು, ಆಗುತ್ತಿಲ್ಲ.

ಕುರುಗೋಡಿನ ಆ ಸಣ್ಣ ಆಸ್ಪತ್ರೆಯ ರೋಗಿಗಳ ಪಟ್ಟಿಯನ್ನು ಎಕ್ಸೆಲ್‌ನಿಂದ ಹೊಸ ತಂತ್ರಾಂಶಕ್ಕೆ ದಾಟಿಸುವ ಕೋಡ್ ಬರೆದವಳು ನಾನು. ಮೂರು ಸಾವಿರದ ನಾನೂರು ಸಾಲುಗಳಲ್ಲಿ ಒಂದೂ ತಪ್ಪಿಲ್ಲವೆಂದು ಬಳ್ಳಾರಿಯ ಗಾಂಧಿನಗರದ ಆಫೀಸಿನಲ್ಲಿ ಎಲ್ಲರಿಗೂ ಮಿರ್ಚಿ ಬಜ್ಜಿ ತರಿಸಿದ್ದೆ. ಆದರೆ ನನ್ನ ಕೋಡ್ ಅಕ್ಷರಗಳನ್ನು ಮಾತ್ರ ಓದಿತ್ತು, ಬಣ್ಣವನ್ನಲ್ಲ. ಪೆನಿಸಿಲಿನ್ ಒಗ್ಗದವರ ಸಾಲಿಗೆಲ್ಲ ನರ್ಸ್ ನೀಲಾವತಿ ಹನ್ನೆರಡು ವರ್ಷದಿಂದ ಕೆಂಪು ಬಣ್ಣ ತುಂಬುತ್ತ ಬಂದಿದ್ದರು. ನಿನ್ನೆ ಬಾದನಹಟ್ಟಿಯ ಮೂಕಪ್ಪ ಕಾಲಿನ ಗಾಯಕ್ಕೆಂದು ಬಂದಾಗ ಹೊಸ ಪರದೆಯಲ್ಲಿ ಅವರ ಸಾಲು ಬೆಳ್ಳಗಿತ್ತು. ಹೊಸ ಡಾಕ್ಟರು ಅದೇ ಸೂಜಿ ಚುಚ್ಚಿದರು. ಮುಖ ಊದಿ ಉಸಿರು ಕಟ್ಟಿದ ಮೇಲೆ ಬಳ್ಳಾರಿಗೆ ಸಾಗಿಸಿದರು.

ಇವತ್ತು ಸಭೆ. "ಬಣ್ಣ ತುಂಬಾಕ ಇದೇನು ರಂಗೋಲಿ ಏನಮ್ಮ? ಒಂದು ಕಾಲಂ ಮಾಡಾಕ ಏನಾಗಿತ್ತು?" ಎಂದು ದೊಡ್ಡ ಡಾಕ್ಟರು ನೀಲಾವತಿಯನ್ನೇ ಬೈದರು. ನಾನು ಲ್ಯಾಪ್‌ಟಾಪ್ ನೋಡುತ್ತ ಕೂತಿದ್ದೆ.

ಫೈಲ್ ಕೊಟ್ಟ ದಿನ ಆಕೆ ಹೇಳಿದ್ದರು. "ಮೇಡಂ, ಕೆಂಪು ಇದ್ದಿದ್ದು ಹೋಗಬಾರ್ದು ನೋಡ್ರಿ." ಫೋನಿನಲ್ಲಿ ಮುಳುಗಿದ್ದ ನಾನು ಹೂಂ ಅಂದಿದ್ದೆ. ಅದನ್ನು ಆಕೆ ಸಭೆಯಲ್ಲಿ ಹೇಳಲಿಲ್ಲ. ಹೇಳಿದ್ದರೆ ಜಗಳವನ್ನಾದರೂ ಆಡಬಹುದಿತ್ತು.

ಪಟ್ಟಿಯನ್ನು ನಾನು ಮತ್ತೊಮ್ಮೆ ದಾಟಿಸಿ ಕೊಡಬೇಕೆಂದು ತೀರ್ಮಾನವಾಯಿತು. ಸಂಜೆ ನನ್ನನ್ನು ಬಸ್ ಹತ್ತಿಸಲು ಬಂದ ನೀಲಾವತಿ ಮೆಲ್ಲಗೆ ಕೇಳಿದರು. "ಈ ಸಲ ಕೆಂಪು ಬರ್ತೈತಲ್ರಿ?"

ಈ ಸಲವೂ ಫೋನ್ ನೋಡುತ್ತಲೇ ಹೂಂ ಅಂದೆ. ಅದರಲ್ಲಿ ನೋಡುವಂಥದ್ದು ಏನೂ ಇರಲಿಲ್ಲ.