ಫ್ಲೆಕ್ಸಿನಲ್ಲಿ ನಿಂತಿರುವ ನನ್ನ ಹೆಂಡತಿಯನ್ನು ಇಳಿಸಿಕೊಡಿ

ತಾಲ್ಲೂಕಿನಲ್ಲಿ ವೈಮಾನಿಕ ದಾಳಿಯ ಅಣಕು ಕವಾಯತಿನ ಉಸ್ತುವಾರಿ ಹೊತ್ತು ‘ನಾಗರಿಕರ ಮನೋಸ್ಥೈರ್ಯ ವರದಿ’ ಬರೆದ ಅಧಿಕಾರಿಗಳಿಗೆ

ಮಾನ್ಯರೇ,

ಪಾಂಡವಪುರದ ಬಸ್ಸು ಕಿರಂಗೂರಿನಲ್ಲಿ ಹೆದ್ದಾರಿಗೆ ತಿರುಗುವ ಕಡೆ ನೀವೊಂದು ಹತ್ತಡಿ ಎತ್ತರದ ಫ್ಲೆಕ್ಸು ಕಟ್ಟಿಸಿದ್ದೀರಿ. ಅದರಲ್ಲಿ ಹಾಲಿನ ಕ್ಯಾನು ಹಿಡಿದು ನಿಂತಿರುವ ಹೆಂಗಸು ನನ್ನ ಹೆಂಡತಿ ಚಿಕ್ಕಬೋರಮ್ಮ. ‘ಬಾಂಬಿಗೂ ಬೆದರದ ಧೀರ ಮಹಿಳೆ’ ಎಂದು ಮೇಲೆ ದಪ್ಪಕ್ಷರದಲ್ಲಿ ಬರೆಸಿದ್ದೀರಿ. ಸ್ವಾಮಿ, ಅವಳು ಧೈರ್ಯದಿಂದ ನಿಂತದ್ದಲ್ಲ. ಭಯಕ್ಕೆ ಕಾಲು ಸೆಟೆದು ನಿಂತುಬಿಟ್ಟವಳು. ಫ್ಲೆಕ್ಸು ಇಳಿಸಿಕೊಡಿ ಎಂದು ಮೂರು ಸಲ ನಿಮ್ಮ ಕಚೇರಿಯ ಮೆಟ್ಟಿಲು ಹತ್ತಿದೆ. ಮೂರನೆಯ ಸಲ ನನ್ನ ಕೈಗೊಂದು ಆಹ್ವಾನಪತ್ರ ಕೊಟ್ಟು ಕಳಿಸಿದಿರಿ. ಬರುವ ಆಗಸ್ಟ್ ಹದಿನೈದಕ್ಕೆ ಕ್ರೀಡಾಂಗಣದಲ್ಲಿ ಅವಳಿಗೆ ಸನ್ಮಾನವಂತೆ. ಅದಕ್ಕೂ ಮೊದಲು ಕವಾಯತಿನ ದಿನ ಕೇಳಿಸಿದ ಅದೇ ಬಾಂಬಿನ ಶಬ್ದವನ್ನು ಮೈಕಿನಲ್ಲಿ ಹಾಕುತ್ತೀರಂತೆ, ಅವಳು ಅದೇ ರೀತಿ ಅಲುಗಾಡದೆ ನಿಂತು ಶಾಲೆಯ ಮಕ್ಕಳಿಗೆ ತೋರಿಸಬೇಕಂತೆ. ಅದಕ್ಕೆ ‘ಪ್ರಾತ್ಯಕ್ಷಿಕೆ’ ಎಂದು ಹೆಸರು. ಅದನ್ನು ಓದಿ ನನಗೆ ವಾಕರಿಕೆ ಬಂತು. ಮಾತಿಗೆ ಹೇಳುತ್ತಿಲ್ಲ, ಹಿತ್ತಿಲಿಗೆ ಹೋಗಿ ನಿಜವಾಗಿಯೂ ಕಾರಿಕೊಂಡೆ.

ನಾನು ಯಾರೆಂದು ನೀವು ಮೂರು ಸಲವೂ ಕೇಳಲಿಲ್ಲ, ಈಗ ಹೇಳುತ್ತೇನೆ. ಸಕ್ಕರೆ ಕಾರ್ಖಾನೆಗಳಲ್ಲಿ ಮೂವತ್ತೆರಡು ವರ್ಷ ಪ್ಯಾನ್‌ಮನ್ ಆಗಿದ್ದವನು. ಕುದಿಯುವ ಕಬ್ಬಿನ ರಸ ಹರಳುಗಟ್ಟುವ ಹದ ನೋಡುವುದು ನನ್ನ ಕೆಲಸ. ಗಾಜಿನ ತುಂಡಿನ ಮೇಲೆ ಒಂದು ಹನಿ ಹಾಕಿ, ಬೆಳಕಿಗೆ ಹಿಡಿದು, ಇಡೀ ಪ್ಯಾನಿನೊಳಗೆ ಏನಾಗುತ್ತಿದೆ ಎಂದು ಹೇಳಬೇಕು. ತಪ್ಪಿದರೆ ಟನ್ನುಗಟ್ಟಲೆ ಮಾಲು ಹಾಳು. ನೀವು ಕೂಡ ನಮ್ಮ ಕಲ್ಲರೆಕೊಪ್ಪಲಿನ ಒಂದು ಹನಿ ತೆಗೆದುಕೊಂಡು ಇಡೀ ತಾಲ್ಲೂಕಿನ ಎದೆಯೊಳಗೆ ಏನಿದೆ ಎಂದು ಹೇಳಿದಿರಿ. ವ್ಯತ್ಯಾಸ ಇಷ್ಟೇ, ನನಗೆ ಹದ ತಪ್ಪಿದ್ದರೆ ಮೆಮೊ ಕೊಡುತ್ತಿದ್ದರು. ನಿಮಗೆ ಬಡ್ತಿಯ ಶಿಫಾರಸು ಹೋಗಿದೆ ಎಂದು ಕೇಳಿದೆ.

ಆ ದಿನ ನಡೆದದ್ದೇನು? ಸಂಜೆ ನಾಲ್ಕೂವರೆ. ಡೈರಿಗೆ ಹಾಲು ಹಾಕಲು ಊರಿನ ಹೆಂಗಸರು ಹೊರಟಿದ್ದ ಹೊತ್ತು. ನಿಮ್ಮ ಜೀಪು ಬಂತು, ಮೇಲೆ ನಾಲ್ಕು ಸ್ಪೀಕರು. ಮೊದಲು ಸೈರನ್ನು ಕೂಗಿತು. ನಮ್ಮ ಕಡೆ ಸೈರನ್ನು ಎಂದರೆ ಜನಕ್ಕೆ ನೆನಪಾಗುವುದು ಸಕ್ಕರೆ ಕಾರ್ಖಾನೆ. ಪಕ್ಕದ ಮನೆಯ ನರಸಯ್ಯ, ಎರಡೆಕರೆ ಕಬ್ಬು ನಿಲ್ಲಿಸಿಕೊಂಡು ಕಾಯುತ್ತಿದ್ದವನು, ಪಂಚೆ ಎತ್ತಿ ಕಟ್ಟಿಕೊಂಡು ಓಡಿ ಬಂದು ನಿಮ್ಮನ್ನೇ ಕೇಳಿದ: “ಏನ್ ಸ್ವಾಮಿ, ಫ್ಯಾಕ್ಟರಿ ಸುರುವಾಗ್ಬುಡ್ತಾ? ಕಟಾವಿಗೆ ಆಳು ಕರೀಲಾ?” ಇದನ್ನು ನೀವು ವರದಿಯ ನಾಲ್ಕನೇ ಪುಟದಲ್ಲಿ ಹೇಗೆ ಬರೆದಿದ್ದೀರಿ ಗೊತ್ತೇ? ‘ವೈಮಾನಿಕ ದಾಳಿಯ ಮುನ್ಸೂಚನೆಯ ನಡುವೆಯೂ ರೈತರು ಕೃಷಿ ಉತ್ಪಾದನೆಯ ಬಗ್ಗೆ ಕಾಳಜಿ ವ್ಯಕ್ತಪಡಿಸಿದರು.’ ಮಾಹಿತಿ ಹಕ್ಕಿನಲ್ಲಿ ಪ್ರತಿ ತೆಗೆಸಿ ನಾನಿದನ್ನು ಅವನಿಗೆ ಓದಿ ಹೇಳಿದೆ. “ನಾನ್ ಯಾವಾಗ್ಲಾ ಅಂಗಂದೆ?” ಎಂದು ಅವನು ನನ್ನನ್ನೇ ಕೇಳಿದ.

ಸೈರನ್ನು ಆದ ಮೇಲೆ ವಿಮಾನದ ಸದ್ದು, ಅದಾದ ಮೇಲೆ ಬಾಂಬು. ಊರು ಹೆದರಲಿಲ್ಲ, ನಿಜ. ಯಾಕೆ ಹೆದರಲಿಲ್ಲ ಎಂದು ಯಾರನ್ನಾದರೂ ಕೇಳಿದಿರಾ? ಊರ ಹಿಂದಿನ ಗುಡ್ಡದಲ್ಲಿ ಹದಿನೆಂಟು ವರ್ಷದಿಂದ ಕಲ್ಲು ಸಿಡಿಸುತ್ತಿದ್ದಾರೆ. ನಮ್ಮೂರ ಕೂಸುಗಳು ತೊಟ್ಟಿಲಲ್ಲೇ ಆ ಶಬ್ದ ಕೇಳಿ ಬೆಳೆದವು. ಗೋಡೆ ಬಿರುಕು ಬಿಟ್ಟಿರುವ ಊರನ್ನು ನೋಡಿ ‘ಸ್ಫೋಟಕ್ಕೂ ಅಲುಗದ ಜನ’ ಎಂದು ಬರೆಯಲು ಎಷ್ಟು ಓದಿರಬೇಕು ಸ್ವಾಮಿ?

ಆ ಕ್ವಾರಿಯವರನ್ನು ನಾನು ಬೈಯದ ದಿನವಿಲ್ಲ. ಆದರೂ ಅಲ್ಲಿ ಮುದ್ದಯ್ಯ ಅಂತ ಒಬ್ಬನಿದ್ದಾನೆ, ಮದ್ದಿಗೆ ಬೆಂಕಿ ಕೊಡುವ ಹತ್ತು ನಿಮಿಷ ಮೊದಲು ಸೀಟಿ ಊದುತ್ತಾನೆ. ಸೀಟಿ ಕೇಳಿದೊಡನೆ ನಾನು ಎಲ್ಲಿದ್ದರೂ ಮನೆಗೆ ಬಂದು, ಬೋರಮ್ಮನನ್ನು ನಡುಮನೆಯಲ್ಲಿ ಕೂರಿಸಿ, ಟಿ.ವಿ. ಜೋರಾಗಿ ಹಾಕಿ, ಅವಳ ಎರಡೂ ಕೈ ಹಿಡಿದುಕೊಂಡು ಕೂರುತ್ತೇನೆ. ಎರಡು ವರ್ಷದಿಂದ ಇದು ನಮ್ಮ ಸಂಸಾರ. ಮೈಸೂರಿನ ಮನೋವೈದ್ಯರೇ ಹೇಳಿದ್ದು, ಮೊದಲೇ ಗೊತ್ತಾದರೆ ತಡೆದುಕೊಳ್ಳುತ್ತಾಳೆ ಎಂದು. ಕಲ್ಲು ಒಡೆಯುವ ಮುದ್ದಯ್ಯನಿಗೆ ಇರುವ ಆ ಒಂದು ಸೀಟಿಯಷ್ಟು ಮರ್ಯಾದೆ ನಿಮಗೆ ಇರಲಿಲ್ಲ. ಯಾಕೆ ಮೊದಲೇ ಡಂಗುರ ಹೊಡೆಸಲಿಲ್ಲ ಎಂದರೆ ‘ಸಹಜ ಪ್ರತಿಕ್ರಿಯೆ ಬೇಕಿತ್ತು’ ಎಂದಿರಿ. ಸಿಕ್ಕಿತಲ್ಲ, ಸಹಜ ಪ್ರತಿಕ್ರಿಯೆ? ಬೀದಿ ನಡುವೆ, ಎರಡು ಕೈಯಲ್ಲಿ ಕ್ಯಾನು ಹಿಡಿದು, ಕಣ್ಣು ಪಿಳುಕಿಸದೆ ನಿಂತುಬಿಟ್ಟಳಲ್ಲ?

‘ಕೈಯಲ್ಲಿದ್ದ ಹಾಲು ಒಂದು ಹನಿಯೂ ತುಳುಕಲಿಲ್ಲ’ ಎಂದು ವರದಿಯಲ್ಲಿದೆ. ಹಾಲು ತುಳುಕಲಿಲ್ಲ. ಒದ್ದೆಯಾದದ್ದು ಅವಳ ಸೀರೆ. ನಿಮ್ಮ ಫೋಟೋದವನು ಸೊಂಟದಿಂದ ಮೇಲಕ್ಕೆ ಮಾತ್ರ ತೆಗೆದುಕೊಂಡ, ನೀವು ಚಪ್ಪಾಳೆ ತಟ್ಟಿದಿರಿ. ನಾನು ಓಡಿ ಬರುವಷ್ಟರಲ್ಲಿ ಜೀಪು ಹೊರಟಿತ್ತು. ಐವತ್ತಾರು ವರ್ಷದ ಹೆಂಗಸನ್ನು ಇಡೀ ಬೀದಿಯ ಎದುರು ತೋಳಲ್ಲಿ ಎತ್ತಿಕೊಂಡು ಮನೆಗೆ ತಂದವನು ನಾನು.

ಈಗ ನಿಮ್ಮ ವರದಿಯ ಪೀಠಿಕೆಗೆ ಬರೋಣ. ‘ವೈಮಾನಿಕ ದಾಳಿ ಹೆಚ್ಚಿದಷ್ಟೂ ನಾಗರಿಕರ ಒಗ್ಗಟ್ಟು ಮತ್ತು ಸ್ಥೈರ್ಯ ಹೆಚ್ಚುವುದು ಇತಿಹಾಸದಿಂದ ಸಾಬೀತಾಗಿದೆ.’ ಎಲ್ಲಿಂದ ನಕಲು ಮಾಡಿದಿರೋ ಕಾಣೆ. ನೀವು ಬಾಂಬು ಬಿದ್ದದ್ದನ್ನು ಕೇಳಿರುವುದು ಸ್ಪೀಕರಿನಲ್ಲಿ. ನಾವು ಕೇಳಿದ್ದು ಸುಡಾನಿನಲ್ಲಿ.

ನಿವೃತ್ತಿಯಾದ ಮೇಲೆ ಅಲ್ಲಿನ ಒಂದು ಸಕ್ಕರೆ ಕಾರ್ಖಾನೆಗೆ ಕರೆದರು. ಸಕ್ಕರೆ ಬೇಯಿಸಲು ಬಲ್ಲವರು ಅಲ್ಲಿ ಕಡಿಮೆ. ಬೋರಮ್ಮನೂ ಬಂದಳು. ಕರಾರು ಮುಗಿಸಿ ಊರಿಗೆ ವಾಪಸು ಬರಲು ರಾಜಧಾನಿ ಖಾರ್ಟೂಮಿಗೆ ಬಂದಿದ್ದೆವು, ೨೦೨೩ರ ಏಪ್ರಿಲ್ ತಿಂಗಳು. ವಿಮಾನ ಹತ್ತಬೇಕಾದ ಶನಿವಾರವೇ ಯುದ್ಧ ಶುರುವಾಯಿತು. ಪರಿಚಯದವರ ಮನೆಯೊಂದರಲ್ಲಿ ಸಿಕ್ಕಿಕೊಂಡೆವು. ಅದೇ ಕಾಂಪೌಂಡಿನಲ್ಲಿ ಕಾವಲುಗಾರನ ಹೆಂಡತಿ ಹಲೀಮಾ ಇದ್ದಳು. ಅವಳಿಗೆ ಕನ್ನಡ ಬಾರದು, ಇವಳಿಗೆ ಅರಬ್ಬಿ ಬಾರದು. ಅವಳು ಒಂದು ದಿನ ಜೋಳದ ಹಿಟ್ಟನ್ನು ಬಿಸಿನೀರಲ್ಲಿ ತೊಳಸಿ ತಟ್ಟೆಗೆ ಹಾಕಿಕೊಟ್ಟಳು. ಬೋರಮ್ಮ ನಗಾಡಿದ್ದೇ ನಗಾಡಿದ್ದು: “ಅಯ್ಯೋ ನೋಡ್ ಬನ್ನಿ, ಇದು ನಮ್ ಮುದ್ದೇನೇ! ಉಂಡೆ ಕಟ್ಟಕ್ ಮಾತ್ರ ಬರಕಿಲ್ಲ ಇವ್ಳ್ಗೆ.” ಆಮೇಲೆ ತಾನೇ ಕೂತು ಅವಳಿಗೆ ಉಂಡೆ ಕಟ್ಟಲು ಕಲಿಸಿದಳು.

ಮೊದಲ ಮೂರು ದಿನ ನಿಮ್ಮ ವರದಿ ಸರಿ. ಸುಳ್ಳು ಹೇಳಲಾರೆ. ಎಲ್ಲರೂ ಹಂಚಿಕೊಂಡು ತಿಂದೆವು, ಒಬ್ಬರಿಗೊಬ್ಬರು ಧೈರ್ಯ ಹೇಳಿದೆವು, ನಾನು ಜೋಕು ಕೂಡ ಹೊಡೆದೆ. ಆ ಹೊತ್ತಿಗೆ ನಿಮ್ಮಂಥವರು ಫಾರಂ ಹಿಡಿದು ಬಂದಿದ್ದರೆ ‘ಉತ್ತಮ’ ಎನ್ನುವ ಚೌಕಕ್ಕೆ ನಾನೇ ಗುರುತು ಹಾಕುತ್ತಿದ್ದೆ. ನಾಲ್ಕನೆಯ ದಿನದಿಂದ ಫೋನಿನ ಚಾರ್ಜಿಗೆ ಜಗಳ. ಐದನೆಯ ದಿನ ಒಬ್ಬ ತನ್ನ ಬಿಸ್ಕತ್ತಿನ ಪೊಟ್ಟಣವನ್ನು ಅಂಗಿಯೊಳಗೆ ಅಡಗಿಸಿದ. ನಗರದ ಮೇಲೆ ಹಗಲೆಲ್ಲ ವಿಮಾನ. ಅದರ ಸದ್ದು ಬಂದೊಡನೆ ಮನುಷ್ಯನಿಗೆ ಪಕ್ಕದಲ್ಲಿರುವವರು ಕಾಣುವುದಿಲ್ಲ. ಆದರೂ ಒಲೆ ಹಚ್ಚುತ್ತಿದ್ದೆವು, ಬಟ್ಟೆ ಒಗೆಯುತ್ತಿದ್ದೆವು. ಹಸಿವಾದರೆ ಬೇಯಿಸಬೇಕಲ್ಲ? ಅದನ್ನೇ ನೋಡಿ ನಿಮ್ಮಂಥವರು ‘ಜನಜೀವನ ಸಹಜವಾಗಿದೆ’ ಎಂದು ಬರೆಯುತ್ತೀರಿ. ಬಾಂಬು ಹಾಕಿಸಿದವನು ‘ಶತ್ರುವಿನ ಸ್ಥೈರ್ಯ ಕುಸಿದಿದೆ’ ಎಂದು ಬರೆದುಕೊಳ್ಳುತ್ತಾನೆ, ಹಾಕಿಸಿಕೊಂಡ ಕಡೆಯವನು ‘ನಮ್ಮವರದು ಅಚಲವಾಗಿದೆ’ ಎಂದು ಬರೆದುಕೊಳ್ಳುತ್ತಾನೆ. ಒಲೆಯ ಮುಂದೆ ಕೂತವಳನ್ನು ಇಬ್ಬರೂ ಕೇಳುವುದಿಲ್ಲ.

ಎಂಟನೆಯ ದಿನ ಮಧ್ಯಾಹ್ನ ಮನೆಯೊಳಗೆ ನೀರು ಪೂರ್ತಿ ಮುಗಿಯಿತು. ಗೇಟಿನ ಹತ್ತಿರ ಒಂದು ಡ್ರಮ್ಮಿನಲ್ಲಿ ಸ್ವಲ್ಪ ಉಳಿದಿತ್ತು. ಹಲೀಮಾ ಕ್ಯಾನು ತೆಗೆದುಕೊಂಡು ಹೋದಳು, ನಮಗೂ ಸೇರಿಸಿ ತರಲೆಂದೇ. ತುಂಬಿಸಿಕೊಂಡು ವಾಪಸು ಬರುವಾಗ ವಿಮಾನ ಬಂತು. ಅಂಗಳದ ನಡುವೆ, ಕ್ಯಾನು ಕೈಯಲ್ಲಿ ಹಿಡಿದುಕೊಂಡೇ, ಅವಳು ನಿಂತುಬಿಟ್ಟಳು. ಕೂಗಿದರೂ ಅಲುಗಲಿಲ್ಲ. ಬಾಗಿಲಿನಿಂದ ಇಪ್ಪತ್ತು ಹೆಜ್ಜೆ. ಆಮೇಲೆ ಆ ಇಪ್ಪತ್ತು ಹೆಜ್ಜೆಯನ್ನು ನನ್ನ ಮನಸ್ಸಿನಲ್ಲಿ ಎಷ್ಟು ಸಲ ನಡೆದಿದ್ದೇನೋ ಲೆಕ್ಕವಿಲ್ಲ. ಬೋರಮ್ಮ ಹೊರಕ್ಕೆ ಹೆಜ್ಜೆ ಇಟ್ಟಳು. ನಾನು ಅವಳ ರಟ್ಟೆ ಹಿಡಿದು ಒಳಕ್ಕೆ ಎಳೆದು ಬಾಗಿಲು ಹಾಕಿ ಚಿಲಕ ಜಡಿದೆ. “ತೆಗೀರಿ, ಅವ್ಳು ಅಲ್ಲೇ ನಿಂತ್ಬುಟ್ಟವ್ಳೆ, ಒಳಕ್ ಕರ್ಕೊಳನ ತೆಗೀರಿ” ಎಂದು ನನ್ನ ಎದೆಗೆ ಗುದ್ದಿದಳು. ನಾನು ತೆಗೆಯಲಿಲ್ಲ. ಬಾಂಬು ಬಿದ್ದದ್ದು ಹಿಂದಿನ ಬೀದಿಗೆ. ಬಿದ್ದದ್ದು ನಮ್ಮ ಕಾಂಪೌಂಡಿನ ಗೋಡೆ, ಹಲೀಮಾಳ ಮೇಲೆ.

ಇದು ನನ್ನ ಮನೋಸ್ಥೈರ್ಯ. ಬರೆದುಕೊಳ್ಳಿ. ನೀರು ತರಲು ಹೋದವಳನ್ನು ಹೊರಗೆ ಬಿಟ್ಟು ಚಿಲಕ ಹಾಕಿಕೊಂಡ ಗಂಡಸು. ನಿಮ್ಮ ಮೇಲೆ ನನಗೆ ಅಸಹ್ಯವಿದೆ, ಮುಚ್ಚಿಡುವುದಿಲ್ಲ. ಆದರೆ ನನ್ನ ಮೇಲೆ ನನಗಿರುವಷ್ಟು ಇಲ್ಲ. ಆ ಹತ್ತು ದಿನಕ್ಕೆ ಮೊದಲು ನಾನು ಒಳ್ಳೆಯವನೆಂದೇ ಅಂದುಕೊಂಡಿದ್ದೆ. ಬಾಂಬು ಜನರಿಗೆ ಮಾಡುವುದು ಇದನ್ನು. ಇದಕ್ಕೆ ನಿಮ್ಮ ಫಾರಮ್ಮಿನಲ್ಲಿ ಚೌಕವಿದೆಯೇ?

ಎರಡು ದಿನದ ನಂತರ ಬಸ್ಸು, ಹಡಗು, ವಿಮಾನ ಎಂದು ನಮ್ಮನ್ನು ಕರೆತಂದರು. ಆ ಕಾರ್ಯಾಚರಣೆಗೆ ‘ಕಾವೇರಿ’ ಎಂದು ಹೆಸರಿಟ್ಟಿದ್ದರು. ಕರೆತಂದವರಿಗೆ ಇವತ್ತಿಗೂ ಕೈಮುಗಿಯುತ್ತೇನೆ. ಊರಿಗೆ ಬಂದ ಮೊದಲ ವಾರ ಶ್ರೀರಂಗಪಟ್ಟಣದಲ್ಲಿ ಹೊಳೆಗೆ ಇಳಿದು ಬೋರಮ್ಮ ಮೂರು ಮುಳುಗು ಹಾಕಿದಳು. ಮೂರೂ ಹಲೀಮಾಳ ಹೆಸರಿನಲ್ಲಿ. ಅವಳು ನನ್ನನ್ನು ಒಂದು ದಿನವೂ ಬೈದಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಇಂಥವಳನ್ನು ನೀವು ಹಾಲಿನ ಕ್ಯಾನಿನ ಸಮೇತ ಹತ್ತಡಿ ಎತ್ತರಕ್ಕೆ ಏರಿಸಿದ್ದೀರಿ. ಅವಳ ತವರು ಸಂತೆಬಾಚಹಳ್ಳಿಯಲ್ಲೂ ಸಂತೆಯ ಬಾಗಿಲಿಗೆ ಕಟ್ಟಿಸಿದ್ದೀರಿ. ಅವಳ ತಮ್ಮ ತಿಮ್ಮೇಶ ಫೋನು ಮಾಡಿ ಅಳುತ್ತಿದ್ದ: “ಭಾವ, ಎಲ್ಲಾ ಬಂದು ನಂಗೆ ಕೈ ಕುಲುಕ್ತಾವ್ರೆ. ನಾನ್ ಏನಂತ ಹೇಳ್ಲಿ?” ನಿಮ್ಮ ಕಚೇರಿಯ ಗುಮಾಸ್ತರು ನನಗೆ ಹೇಳಿದ್ದು, “ಖುಷಿ ಪಡ್ರಿ, ದುಡ್ಡು ಕೊಟ್ರೂ ಸಿಗದಂಥ ಪ್ರಚಾರ” ಎಂದು. ನೀವು ಹೇಳಿದ್ದು, “ಈಗ ಇಳಿಸಿದರೆ ಜನರಿಗೆ ತಪ್ಪು ಸಂದೇಶ ಹೋಗುತ್ತದೆ” ಎಂದು. ‘ಅಣಕು ಕವಾಯತು’ ಎಂದು ನೀವೇ ಹೆಸರಿಟ್ಟಿರಿ. ನೀವು ಅಣಕಿಸಿದ್ದು ಯಾರನ್ನು ಎಂದು ಈಗಲಾದರೂ ತಿಳಿಯಿತೇ?

ಹೋದ ಮಂಗಳವಾರ ಮೈಸೂರಿನ ಡಾಕ್ಟರ ಹತ್ತಿರ ಹೋಗುವಾಗ ಬಸ್ಸು ಕಿರಂಗೂರಿನಲ್ಲಿ ತಿರುಗಿತು. ಎಂದಿನಂತೆ ಅವಳ ಮುಖಕ್ಕೆ ನನ್ನ ಟವೆಲು ಅಡ್ಡ ಹಿಡಿದೆ. ಅವಳು ಟವೆಲು ಸರಿಸಿ ಕಿಟಕಿಗೆ ಮುಖ ಕೊಟ್ಟು ನೋಡಿದಳು. ಅದು ತನ್ನದೇ ಪಟ ಎಂದು ಅವಳಿಗೆ ಗೊತ್ತಿದೆ, ಬುದ್ಧಿ ಸರಿಯಾಗೇ ಇದೆ. ಆದರೂ ಮೆಲ್ಲಗೆ ನನಗೆ ಹೇಳಿದಳು: “ನೋಡಿ, ಇನ್ನೂ ಅಲ್ಲೇ ನಿಂತವ್ಳೆ. ಕೈಲಿ ಕ್ಯಾನ್ ಇಟ್ಕಂಡು. ಒಬ್ರಾದ್ರೂ ಒಳಕ್ ಕರ್ಕಳಿಲ್ವಲ್ಲ.”

ಮಾನ್ಯರೇ, ನನ್ನ ಬೇಡಿಕೆ ದೊಡ್ಡದಲ್ಲ. ಹದಿನೈದರ ಪ್ರಾತ್ಯಕ್ಷಿಕೆ ರದ್ದಾಗಬೇಕು. ನಿಮ್ಮ ಜೀಪು ನಮ್ಮ ಮನೆಯ ಮುಂದೆ ಬರಕೂಡದು. ವರದಿಯಲ್ಲಿ ಅವಳ ಬಗ್ಗೆ ಇರುವ ಸಾಲನ್ನು ಹೊಡೆದುಹಾಕಿ, ‘ಈ ಹೆಂಗಸು ಹೆದರಿದ್ದಳು, ನಮಗೆ ಗೊತ್ತಾಗಲಿಲ್ಲ’ ಎಂದು ನಿಮ್ಮ ಕೈಯಲ್ಲೇ ಬರೆದು ಸಹಿ ಹಾಕಬೇಕು. ಎರಡೂ ಕಡೆಯ ಫ್ಲೆಕ್ಸು ಹದಿನಾಲ್ಕರ ಸಂಜೆಯೊಳಗೆ ಇಳಿಯಬೇಕು.

ಇಳಿಯದಿದ್ದರೆ ಹದಿನೈದರ ಬೆಳಿಗ್ಗೆ, ನೀವು ಧ್ವಜ ಹಾರಿಸುವ ಹೊತ್ತಿಗೆ, ನರಸಯ್ಯನ ಏಣಿ ತೆಗೆದುಕೊಂಡು ಕಿರಂಗೂರಿಗೆ ನಾನೇ ಬರುತ್ತೇನೆ. ಸರ್ಕಾರಿ ಆಸ್ತಿ ಎಂದು ಕೇಸು ಹಾಕಿ, ಸಹಿ ಮಾಡುತ್ತೇನೆ. ಹಗ್ಗ ಕೊಯ್ದು, ಪಟ ಹರಿಯದ ಹಾಗೆ ಸುತ್ತಿ, ಹೆಗಲ ಮೇಲೆ ಹಾಕಿಕೊಂಡು ಮನೆಗೆ ತರುತ್ತೇನೆ. ಅಷ್ಟು ಹೊತ್ತೂ ನಮ್ಮ ಮನೆಯ ಬಾಗಿಲು ತೆಗೆದೇ ಇರುತ್ತದೆ. ಬೋರಮ್ಮ ಹೊಸ್ತಿಲಲ್ಲಿ ನಿಂತು ನೋಡಲಿ. ಅವಳ ಕಣ್ಣೆದುರಿಗೇ ಆ ಹೆಂಗಸನ್ನು ಒಳಕ್ಕೆ ಕರೆದುಕೊಳ್ಳುತ್ತೇನೆ.

ಇಂತಿ,
ಒಮ್ಮೆ ಚಿಲಕ ಹಾಕಿಕೊಂಡವನು,
ಚಲುವರಾಜು
ನಿವೃತ್ತ ಪ್ಯಾನ್‌ಮನ್, ಕಲ್ಲರೆಕೊಪ್ಪಲು