ಶುಕ್ರವಾರದವರೆಗೆ ಅಪ್ಪ

ಡೊಂಬಿವಲಿ
೧೪-೬-೨೦೦೯

ಪ್ರೀತಿಯ ಅಳಿಯ ಹಿತೇಶನಿಗೆ,

ಕಲ್ಯಾಣ ಜೈಲಿಗೆ ನಿನಗೆ ಕಳಿಸಿದ ಮನಿ ಆರ್ಡರ್ ಎರಡು ಸಲ ವಾಪಸ್ ಬಂತು ಮಾರಾಯ. ಇಂಥ ಕೈದಿ ಇಲ್ಲ ಅಂತ ಬರೆದಿದ್ದರು. ಗೋಡೆ ಹಾರಿದೆಯಾ ಅಂತ ಒಂದು ಗಳಿಗೆ ಖುಷಿಯಾಯ್ತು. ಆಮೇಲೆ ಹೆದರಿಕೆ. ಕಾಸಿಲ್ಲದೆ ಸೋಪಿಗೆ, ಬಿಸ್ಕಿಟಿಗೆ ಏನು ಮಾಡ್ತೀಯೋ.

ಹೋಟ್ಲಿಗೆ ರಜೆ ಹಾಕಿ ಜೈಲಿನ ಗೇಟಿಗೆ ಹೋದೆ. ಹವಾಲ್ದಾರ ರಿಜಿಸ್ಟರ್ ನೋಡಿ, “ಹಿತೇಶ್ ಜಯಶೀಲ ಶೆಟ್ಟಿ ಹೈ ನಾ. ಬಾಪ್ ಕಾ ನಾಮ್ ಗಲತ್ ಕ್ಯೋಂ ಲಿಖಾ?” ಅಂದ. ನಾನು ಮನಿ ಆರ್ಡರಲ್ಲಿ ಬರೆದದ್ದು ನಿನ್ನ ನಿಜವಾದ ಅಪ್ಪನ ಹೆಸರನ್ನೇ. ಪೊಲೀಸರು ಅಪ್ಪನ ಹೆಸರು ಕೇಳಿದರೆ ನೀನು ನನ್ನ ಹೆಸರು ಹೇಳುದಾ? ನಮ್ಮ ಅಳಿಯಸಂತಾನದಲ್ಲಿ ಸೋದರಮಾವನೇ ಯಜಮಾನ, ಸರಿ. ಅದು ಇಲ್ಲಿಯವರಿಗೆ ಹೇಗೆ ಗೊತ್ತಾಗಬೇಕು? ಅಲ್ಲಿ ನಕ್ಕುಬಿಟ್ಟೆ. ಲೋಕಲಲ್ಲಿ ವಾಪಸ್ ಬರುವಾಗ ನಗು ಬರಲಿಲ್ಲ.

ಈಗ ಕೇಳು. ರೇಷನ್ ಕಾರ್ಡಲ್ಲಿ ಒಬ್ಬ ಅಪ್ಪ, ಕೇಸಲ್ಲಿ ಇನ್ನೊಬ್ಬ ಇದ್ದರೆ ಜಾಮೀನು ಸಿಗುದಿಲ್ಲ ಅಂತ ವಕೀಲರು ಹೇಳಿದರು. ಶುಕ್ರವಾರ ಕೋರ್ಟಲ್ಲಿ ಕೇಳುವಾಗ ಅಪ್ಪನ ಹೆಸರು ಕರುಣಾಕರ ಅಂತಲೇ ಹೇಳು. ನಿಮ್ಮನ್ನು ಬಿಟ್ಟು ಹೋದವನ ಹೆಸರು ನಿನ್ನ ಬಾಯಿಗೆ ಬರುದಿಲ್ಲ, ಗೊತ್ತುಂಟು. ಬಾಯಿ ಮುಚ್ಚಿಕೊಂಡು ಹೇಳು. ನಿನ್ನ ಅಮ್ಮ ಅನ್ನ ಬಿಟ್ಟಿದ್ದಾಳೆ. ನೀನು ಇನ್ನೊಂದು ತಿಂಗಳು ಒಳಗಿದ್ದರೆ ಅವಳು ಉಳಿಯುದಿಲ್ಲ. ನಿನ್ನ ಕಾಲು ಹಿಡಿಯುತ್ತೇನೆ, ಹಟ ಮಾಡಬೇಡ.

ಅಲ್ಲಿವರೆಗೆ ಖರ್ಚಿಗೆ ಐನೂರು ಕಳಿಸಿದ್ದೇನೆ, ಜೈಲಿನವರು ಬರೆದುಕೊಂಡ ಹೆಸರಿಗೇ. ಸೈನ್ ಹಾಕಿ ತಗೋ. ಪೋಸ್ಟಾಫೀಸಿನ ಕ್ಲಾರ್ಕ್ ಫಾರಂ ಓದಿ, “ಮಗನಾ?” ಅಂತ ಕೇಳಿದ.

“ಹೌದು, ಶುಕ್ರವಾರದವರೆಗೆ” ಅಂದೆ.

ನಿನ್ನ ಮಾವ
ಜಯಶೀಲ