ನನ್ನ ಕೈ ನಡುಗಲಿಲ್ಲ

ಆರೋಗ್ಯ ಇಲಾಖೆಯ ತರಬೇತಿ ಮತ್ತು ನೇಮಕಾತಿ ವಿಭಾಗದ ಮುಖ್ಯಸ್ಥರಿಗೆ,
ಚಿಲೊಯೆ ದ್ವೀಪಸಮೂಹ, ಚಿಲಿ

ಮಾನ್ಯರೇ,

ಬೀಗ ಹಾಕಿದ್ದ ಆರೋಗ್ಯ ಕೇಂದ್ರವನ್ನು ಅಪ್ಪಣೆಯಿಲ್ಲದೆ ತೆಗೆಸಿದ್ದೇಕೆ ಎಂದು ತಾವು ನೋಟಿಸ್ ಕಳಿಸಿದ್ದೀರಿ. ಉತ್ತರವನ್ನು ಎಲ್ಲರೂ ಓದಲಿ ಎಂದು ಪತ್ರಿಕೆಗೇ ಕೊಡುತ್ತಿದ್ದೇನೆ. ಅದಕ್ಕೂ ಮೊದಲು ನನ್ನದೊಂದು ಪ್ರಶ್ನೆ. ದ್ವೀಪದ ಜನರ ಸೇವೆಗೆಂದೇ ತರಬೇತಿ ಕೊಟ್ಟು, ನನ್ನನ್ನು ನನ್ನ ದ್ವೀಪಕ್ಕೆ ಮಾತ್ರ ಕಳಿಸುವುದಿಲ್ಲ ಎನ್ನುವುದು ಯಾವ ಸೀಮೆಯ ನ್ಯಾಯ?

ತಮ್ಮ ನಿಯಮ ನನಗೆ ಬಾಯಿಪಾಠವಾಗಿದೆ. ರಕ್ತಸಂಬಂಧಿಗಳಿರುವ ಊರಿನಲ್ಲಿ ಪ್ಯಾರಾಮೆಡಿಕ್ ಕೆಲಸ ಮಾಡಕೂಡದು. ತನ್ನವರೆಂದರೆ ಕೈ ನಡುಗುತ್ತದೆ, ತೀರ್ಮಾನ ತಪ್ಪುತ್ತದೆ. ಪಟ್ಟಣದಲ್ಲಿ ಕುಳಿತವರಿಗೆ ಇದು ಒಪ್ಪುವ ಮಾತೇ. ನಮ್ಮಲ್ಲಿ ನನಗೆ ನೆಂಟರಲ್ಲದವರು ಎಂದರೆ ಕುರಿಗಳು ಮಾತ್ರ. ತಾವು ಕಳಿಸುವ ಹೊರಗಿನವರು ಒಂದು ಚಳಿಗಾಲ ಕಳೆಯುವಷ್ಟರಲ್ಲಿ ದೋಣಿ ಹತ್ತುತ್ತಾರೆ. ಅವರನ್ನು ದೂರಲಾರೆ, ಆ ಮಳೆಗಾಳಿಗೆ ಒಗ್ಗಬೇಕಾದರೆ ಅಲ್ಲೇ ಹುಟ್ಟಿರಬೇಕು. ಅಲ್ಲಿ ಹುಟ್ಟಿದವಳನ್ನೋ ತಾವು ಬೇಡವೆನ್ನುತ್ತೀರಿ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂಬ ಗಾದೆಯನ್ನು ತಮ್ಮ ಕಚೇರಿ ನೋಡಿಯೇ ಕಟ್ಟಿರಬೇಕು.

ನನ್ನನ್ನು ಸಾಕಿದ ಚಿಕ್ಕಮ್ಮ ಕ್ಲೋರಿಂದಾ ನನ್ನ ಮೊದಲ ರೋಗಿ. ತರಬೇತಿಯ ರಜೆಯಲ್ಲಿ ನಾನು ಆಲೂಗಡ್ಡೆಗೆ ಸೂಜಿ ಚುಚ್ಚಿ ಅಭ್ಯಾಸ ಮಾಡುತ್ತಿದ್ದಾಗ, ತೋಳು ಮೇಲೇರಿಸಿಕೊಂಡು ಎದುರಿಗೆ ಬಂದು ಕೂತಳು.

"ಅವನ್ನ ಬಿಡೇ, ಸಾರಿಗೆ ಬೇಕು. ಇಲ್ಲಿ ಚುಚ್ಚು."

"ನೋವಾಗತ್ತೆ ಚಿಕ್ಕಮ್ಮ."

"ಆಗ್ಲಿ. ನಾಳೆ ಊರೋರಿಗೆಲ್ಲ ಚುಚ್ಚೋಳು ನೀನೇ ತಾನೆ? ಅವರು ದಾಕ್ಷಿಣ್ಯಕ್ಕೆ ಸುಮ್ನಿರ್ತಾರೆ. ನಾನಾದ್ರೆ ಬೈತೀನಿ, ಕಲ್ತ್ಕೋತೀಯ."

ಅಂದು ನನ್ನ ಕೈ ಗಡಗಡ ನಡುಗಿತ್ತು. ಅವಳು ಬೈದಳು, ಆಮೇಲೆ ಇನ್ನೊಂದು ತೋಳು ಚಾಚಿದಳು.

ತರಬೇತಿಯಲ್ಲಿ ರಬ್ಬರ್ ಗೊಂಬೆಯ ಎದೆ ಒತ್ತಲು ಕಲಿಸಿದಿರಿ. ನಾನು ಗೊಂಬೆಗೊಂದು ಹೆಸರಿಟ್ಟಿದ್ದಕ್ಕೆ, ರೋಗಿಯನ್ನು ಹಚ್ಚಿಕೊಳ್ಳಬಾರದೆಂದು ಶಿಕ್ಷಕರು ಗದರಿದರು. ತಿದ್ದಿಕೊಂಡೆ, ಪಾಸಾದೆ, ನೇಮಕದ ಆದೇಶಕ್ಕೆ ಕಾಯುತ್ತಾ ಮನೆಯಲ್ಲಿದ್ದೆ. ಈ ಜೂನ್‌ನ ಚಳಿಯಲ್ಲಿ ಚಿಕ್ಕಮ್ಮ ಆಲೂಗಡ್ಡೆ ಸುಲಿಯುತ್ತಿದ್ದವಳು ಎದೆ ಹಿಡಿದುಕೊಂಡು ಒಲೆಯ ಪಕ್ಕ ಕುಸಿದಳು. ಬಿರುಗಾಳಿಗೆ ಬಂದರು ಮುಚ್ಚಿತ್ತು, ದೋಣಿ ಬಿಡುವಂತಿರಲಿಲ್ಲ. ಅಕ್ಕಪಕ್ಕದವರೂ ನಾನೂ ಅವಳನ್ನು ಹೊತ್ತು ಆರೋಗ್ಯ ಕೇಂದ್ರಕ್ಕೆ ತಂದೆವು. ಕೊನೆಯ ನೌಕರ ಬಿಟ್ಟುಹೋದಾಗಿನಿಂದ ಅದಕ್ಕೆ ಬೀಗ. ಬೀಗದಕೈ ಊರಿನ ಸಂಘದ ಅಧ್ಯಕ್ಷ ಓನೋಫ್ರೆಯವರ ಬಳಿ ಇತ್ತು. ನನಗೆ ಹೇಗೋ ಮಾವನಾಗಬೇಕು.

"ತೆಗೀರಿ ಮಾವ."

"ಅಪ್ಪಣೆ ಇಲ್ದೆ ತೆಗೆದ್ರೆ ನಿನ್ನ ಕೆಲಸಕ್ಕೇ ಕುತ್ತು ಕಣಮ್ಮ."

"ಯಾವ ಕೆಲಸ ಮಾವ?"

ಅವರು ಬೀಗ ತೆಗೆದರು.

ಕಲಿಸಿದ್ದನ್ನೆಲ್ಲ ಕಲಿಸಿದ ಹಾಗೆಯೇ ಮಾಡಿದೆ. ಉಸಿರು ನಿಂತಾಗ ಎದೆ ಒತ್ತಿದೆ. ಪಕ್ಕೆಲುಬು ಮುರಿದದ್ದು ಅಂಗೈಗೆ ತಿಳಿಯಿತು. ಮುರಿದರೂ ನಿಲ್ಲಿಸಬಾರದು ಎಂದಿದ್ದಿರಿ, ನಿಲ್ಲಿಸಲಿಲ್ಲ. ಅಷ್ಟು ಹೊತ್ತೂ ಅವಳ ಹೆಸರು ನನಗೆ ನೆನಪಿಗೆ ಬರಲಿಲ್ಲ. ಕೇಂದ್ರದ ವೈರ್‌ಲೆಸ್ ರೇಡಿಯೋದಲ್ಲಿ ಪಟ್ಟಣದ ವೈದ್ಯರು "ಸಾಕು, ಬಿಡಮ್ಮ" ಎಂದಾಗ ಬಿಟ್ಟೆ. ಕೈ ತೊಳೆದು ಮನೆಗೆ ಹೋಗಿ, ಅವಳು ಅರ್ಧಕ್ಕೆ ಬಿಟ್ಟಿದ್ದ ಆಲೂಗಡ್ಡೆ ಸುಲಿದು ಮುಗಿಸಿದೆ. ಜನ ಬರುವವರಿದ್ದರು, ಅಡುಗೆಯಾಗಬೇಕಿತ್ತು.

ಬದುಕುತ್ತಿದ್ದಳೇ? ಗೊತ್ತಿಲ್ಲ. ಕೆಲವು ದಿನಗಳಿಂದ ದಿಣ್ಣೆ ಹತ್ತುವಾಗ ಏದುಸಿರು ಬರುತ್ತಿತ್ತು ಎಂದು ಆಮೇಲೆ ನೆರೆಯವರು ಹೇಳಿದರು. ನಾನು ಕೇಳಿದ್ದರೆ ಮುಚ್ಚಿಡುತ್ತಿದ್ದಳು. ಆ ಕೇಂದ್ರದ ಬಾಗಿಲು ತೆರೆದಿದ್ದರೆ, ಬಿಳಿ ಅಂಗಿ ಹಾಕಿ ನಾನಲ್ಲಿ ಕೂತಿದ್ದರೆ, ನನ್ನನ್ನು ಊರಿಗೆಲ್ಲ ತೋರಿಸಿ ಮೆರೆಯಲಿಕ್ಕಾದರೂ ಮೊದಲು ಬರುತ್ತಿದ್ದವಳು ಅವಳೇ.

ನನ್ನ ಕೈ ನಡುಗಲಿಲ್ಲ ಮಾನ್ಯರೇ. ಅವಳನ್ನು ಮಣ್ಣು ಮಾಡುವಾಗಲೂ ಇಲ್ಲ, ಇದನ್ನು ಬರೆಯುವಾಗಲೂ ಇಲ್ಲ. ಅಳುವೂ ಬಂದಿಲ್ಲ. ಒಳಗೆಲ್ಲ ಜೋಮು ಹಿಡಿದ ಕಾಲಿನ ಹಾಗಿದೆ, ಹೆಜ್ಜೆ ಹಾಕುತ್ತೇನೆ, ನೆಲ ತಿಳಿಯುವುದಿಲ್ಲ. ತಮ್ಮ ನಿಯಮಕ್ಕೆ ಇದಕ್ಕಿಂತ ದೊಡ್ಡ ಪರೀಕ್ಷೆ ಯಾವುದಿದೆ?

ನೋಟಿಸಿಗೆ ಉತ್ತರ ಇಷ್ಟು: ಬೀಗ ತೆಗೆಸಿದವಳು ನಾನು, ಓನೋಫ್ರೆಯವರ ತಪ್ಪಿಲ್ಲ. ಈ ಚಳಿಗಾಲ ಮುಗಿಯುವುದರೊಳಗೆ ನನ್ನನ್ನು ಅಲ್ಲಿಗೇ ನೇಮಿಸಿ. ನಿಯಮ ಮುರಿಯುವುದೆಂಬ ಚಿಂತೆ ತಮಗೆ ಬೇಡ. ಕೈ ನಡುಗುವಷ್ಟು ಹತ್ತಿರದವರು ನನಗೆ ಅಲ್ಲಿ ಈಗ ಯಾರೂ ಇಲ್ಲ.

ಇಂತಿ,
ತಾವು ಹೇಳಿಕೊಟ್ಟಿದ್ದನ್ನು ಚೆನ್ನಾಗಿಯೇ ಕಲಿತ,
ಜುನಿಲ್ದಾ ಚಿಗ್ವಾಯ್